ಅಬೀಲಿಯುವಿನ ನೋವಿಗೊಂದು ಫೋಟೊ

ಎಲ್ಲ ಎಡವಟ್ಟಿಗೂ ಕಾರಣ ಒಂದು ಸುಟ್ಟ ಸಾರ್ಡೀನ್ ಮೀನು. ಕೊಯಿಂಬ್ರಾ ಊರಿನ ಆ ಓಣಿಯವರೆಲ್ಲ ಭಾನುವಾರ ಬೀದಿಯಲ್ಲೇ ಊಟಕ್ಕೆ ಕೂತಿದ್ದಾಗ ಅದು ಅಬೀಲಿಯುವಿನ ತಟ್ಟೆಯಿಂದ ಜಾರಿ ಬಿತ್ತು. ಬೆಕ್ಕು ಬಾಯಿ ಹಾಕುವಷ್ಟರಲ್ಲಿ ಅವನು ಸರಕ್ಕನೆ ಬಗ್ಗಿ ಎತ್ತಿಕೊಂಡ. ಬೆನ್ನುನೋವೆಂದು ಹನ್ನೊಂದು ವರ್ಷದಿಂದ ಒಂದು ಬಕೆಟ್ಟನ್ನೂ ಎತ್ತದ ಮನುಷ್ಯ!

ಕೆಳಮನೆಯ ಮುದುಕಿ ಗ್ರಾಸಿಯೆತೆ ನೋಡಿಬಿಟ್ಟಳು. "ಮೀನಿಗಾದ್ರೆ ಬಗ್ಗುತ್ತೆ, ಬಕೆಟ್ಟಿಗೆ ಬಗ್ಗಲ್ಲ. ಬಲು ಜಾಣ ಬೆನ್ನು ಕಣಯ್ಯಾ ನಿಂದು!"

ಓಣಿಗೆ ಓಣಿಯೇ ನಕ್ಕಿತು. ಆ ಬಗ್ಗಿದ ತಪ್ಪಿಗೆ ಅಬೀಲಿಯು ಮೂರು ದಿನ ಮಂಚ ಬಿಟ್ಟೇಳಲಿಲ್ಲ. ಅದನ್ನು ಮಾತ್ರ ಯಾರೂ ನೋಡಲಿಲ್ಲ.

ಹಳೆಯ ನೋವಿನವರ ಮಿದುಳಿನ ಚಿತ್ರ ತೆಗೆದು ಅಲ್ಲಿ ಉರಿಯೂತವಿದೆಯೇ ಎಂದು ಊರಿನ ಸಂಶೋಧಕರು ಹುಡುಕುತ್ತಿದ್ದಾರೆಂದು ತಿಳಿದದ್ದೇ ಅವನು ಹೆಸರು ಬರೆಸಿದ. ಹೋಲಿಸಿ ನೋಡಲು ನೋವಿಲ್ಲದವರೂ ಬೇಕೆಂದರು. ಹೆಂಡತಿ ದಿಯೊಲಿಂದಾಳ ಹೆಸರನ್ನೂ ಸೇರಿಸಿದ. ಆ ದಿನ ಬೆಳಿಗ್ಗೆ ಗ್ರಾಸಿಯೆತೆಯೂ ಹೊರಟು ನಿಂತಳು, ಕರೆಯದೆಯೇ.

"ಸಾಕ್ಷಿ ಬೇಕಲ್ಲಪ್ಪಾ," ಎಂದಳು.

ಚಿತ್ರ ತೆಗೆಯುವ ಯಂತ್ರದ ಹತ್ತಿರ ಲೋಹ ಕೂಡದೆಂದು ಅಬೀಲಿಯುವಿನ ಬೆಲ್ಟು ಬಿಚ್ಚಿಸಿದರು. ನಾಲ್ಕು ಹೆಜ್ಜೆ ಇಡುವುದರಲ್ಲಿ ಪ್ಯಾಂಟು ಪಾದ ಸೇರಿತು.

"ಬಗ್ಗು! ಎತ್ಕೋ!" ಗ್ರಾಸಿಯೆತೆಯ ಕಣ್ಣು ಮಿಂಚಿತು.

ಬಗ್ಗಿದರೆ ಮಾನ ಉಳಿಯುತ್ತದೆ, ನೋವು ಸುಳ್ಳಾಗುತ್ತದೆ. ಅಬೀಲಿಯು ನೋವನ್ನೇ ಆರಿಸಿಕೊಂಡು, ಸಿಪ್ಪೆ ಸುಲಿದ ಬಾಳೆಹಣ್ಣಿನಂತೆ ನಿಂತ. ಕೊನೆಗೆ ದಿಯೊಲಿಂದಾಳೇ ತನ್ನ ಸೊಂಟ ಹಿಡಿದುಕೊಂಡು ಬಗ್ಗಿ, ಎತ್ತಿ, ಗುಂಡಿ ಹಾಕಿದಳು.

ಸೂಜಿ ಚುಚ್ಚಿ ಅವನನ್ನು ಯಂತ್ರದೊಳಗೆ ತಳ್ಳಿದರು. ಅಲುಗಬಾರದೆಂದರು. ಅವನು ಎಷ್ಟು ಅಲುಗಲಿಲ್ಲವೆಂದರೆ ನಿದ್ದೆಯೇ ಹೋದ. ಗೊರಕೆ ಹಜಾರಕ್ಕೆ ಕೇಳಿಸಿತು.

"ಅಯ್ಯೋ ಪಾಪ, ಎಂಥಾ ನರಳಾಟ!" ಎಂದಳು ಗ್ರಾಸಿಯೆತೆ.

ಮಧ್ಯಾಹ್ನ ದಿಯೊಲಿಂದಾಳ ಸರದಿಯೂ ಮುಗಿಯಿತು. ಚಿತ್ರ ತೋರಿಸುವ ಪದ್ಧತಿಯಿಲ್ಲ ಎಂದ ಡಾಕ್ಟರ್ ಕಿತೇರಿಯಾರ ಕಾಲಿಗೆ ಬೀಳುವುದೊಂದು ಬಾಕಿ, ಅಷ್ಟು ಅಂಗಲಾಚಿದ ಅಬೀಲಿಯು. ಕಡೆಗೆ ಪರದೆಯ ಮೇಲೆ ಎರಡು ಮಿದುಳು ಮೂಡಿದವು. ಒಂದರಲ್ಲಿ ಅಲ್ಲಿಷ್ಟು ಇಲ್ಲಿಷ್ಟು ಉರಿಯೂತದ ಕೆಂಪು. ಇನ್ನೊಂದು ಊದಿದ ಕೆಂಡ.

"ನೋಡಿದ್ರಾ!" ಅಬೀಲಿಯು ಕೆಂಡದತ್ತ ಬೆರಳು ಚಾಚಿದ. ಕಣ್ಣಲ್ಲಿ ನೀರು. "ಹನ್ನೊಂದು ವರ್ಷ! ಯಾರಾದ್ರೂ ನಂಬಿದ್ರಾ?"

ಗ್ರಾಸಿಯೆತೆ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. "ದೇವ್ರೇ, ನಾಲಿಗೆ ಬಿದ್ದೋಗ್ಲಿ ನಂದು. ಈ ಸ್ಥಿತೀಲಿರೋರು ಒಂದು ಪೊರಕೆ ಕಡ್ಡೀನೂ ಮುಟ್ಟಬಾರ್ದು!"

"ಹಾಗೇ ಆಗಲಿ," ಎಂದ ಅಬೀಲಿಯು ಗಂಭೀರವಾಗಿ.

ಡಾಕ್ಟರು ಕೆಮ್ಮಿದರು. "ಅದು ನಿಮ್ಮದಲ್ಲ ಸೆನ್ಯೋರ್. ನಿಮ್ಮ ಶ್ರೀಮತಿಯವರದ್ದು."

ಎಲ್ಲರೂ ದಿಯೊಲಿಂದಾಳತ್ತ ತಿರುಗಿದರು.

"ನೋವಿಲ್ಲ ಅಂತ ಬರೆಸಿದ್ದಿರಲ್ಲಮ್ಮಾ?"

"ಇದಕ್ಕೂ ನೋವು ಅಂತಾರಾ?" ಅವಳು ಕಕ್ಕಾಬಿಕ್ಕಿಯಾದಳು. "ರಾತ್ರಿ ಹಗಲು ಸೊಂಟ ಹಿಡ್ಕೊಂಡಿರುತ್ತೆ, ಅಷ್ಟೆ. ವಯಸ್ಸಾದ ಮೇಲೆ ಎಲ್ರಿಗೂ ಹೀಗೇ ಅಂದ್ಕೊಂಡಿದ್ದೆ."

"ಒಂದೇ ಚಿತ್ರದಿಂದ ಏನೂ ತೀರ್ಮಾನಿಸೋಕಾಗಲ್ಲ," ಎಂದರು ಡಾಕ್ಟರು. "ಆದ್ರೆ ನಾಳೆಯೇ ಬಂದು ತೋರಿಸ್ಕೊಳ್ಳಿ. ಅಲ್ಲೀವರೆಗೆ ಭಾರ ಎತ್ತಬೇಡಿ. ನಿಮ್ಮದರಲ್ಲೂ ಸ್ವಲ್ಪ ಕೆಂಪಿದೆ ಸೆನ್ಯೋರ್. ನಿಮ್ಮ ನೋವೂ ಸುಳ್ಳಲ್ಲ ಅನ್ಸುತ್ತೆ."

ಸಂಜೆ ದಿಯೊಲಿಂದಾ ಸೋಫಾದ ಮೇಲೆ ಕಾಲು ಚಾಚಿ ಮಲಗಿದ್ದಳು, ಮದುವೆಯಾದ ಮೇಲೆ ಮೊದಲ ಬಾರಿಗೆ ಕತ್ತಲಾಗುವ ಮುನ್ನ. ಗ್ರಾಸಿಯೆತೆ ಅವಳಿಗೆಂದು ಸೊಪ್ಪಿನ ಸಾರು ತಂದು ಪಕ್ಕದಲ್ಲೇ ಕೂತಳು. ಅಡುಗೆಮನೆಯಲ್ಲಿ ಅಬೀಲಿಯು ರಾಶಿ ಪಾತ್ರೆಗಳ ಮುಂದೆ ನಿಂತಿದ್ದ.

"ಅಮ್ಮಾ, ನನ್ನ ಬೆನ್ನು!"

"ಗೊತ್ತು ಕಣಯ್ಯಾ," ಗ್ರಾಸಿಯೆತೆ ಕರುಣೆ ತುಂಬಿ ಕೂಗಿದಳು, "ಈಗ ನಂಬ್ತೀವಿ. ಆ ದೊಡ್ಡ ಪಾತ್ರೆ ತಳ ಚೆನ್ನಾಗಿ ತಿಕ್ಕು."