ಸೆರಗಿನ ತುದಿಯ ಕೆಂಪು ಚುಕ್ಕೆ

ಕ್ಯಾಮೆರಾ ಕೊಂಡವರಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಎದುರಿಗಿರುವುದನ್ನು ಬಿಟ್ಟು ಹಿಂಬದಿಯ ಪರದೆ ನೋಡುವ ರೋಗ. ನನಗದು ಎಷ್ಟು ಬಲಿತಿತ್ತೆಂಬುದು ಸವಣೂರಿನಲ್ಲಿ, ಮಾವನವರ ದೇವರ ಕೋಣೆಯಲ್ಲಿ ತಿಳಿಯಿತು. ಈಗಲೂ ಹಿರೇಕೆರೂರಿನ ನಮ್ಮ ಮನೆಯಲ್ಲಿ ಯಾರಾದರೂ ಕಡ್ಡಿ ಗೀರಿದರೆ ಕುರ್ಚಿಯಿಂದ ಎದ್ದು ನಿಲ್ಲುತ್ತೇನೆ.

ಮಾವನವರು ಭೌತಶಾಸ್ತ್ರದ ನಿವೃತ್ತ ಮಾಸ್ತರರು, ಫಿಲ್ಮ್ ಕ್ಯಾಮೆರಾ ಬಿಟ್ಟವರಲ್ಲ. ಅವರ ದೇವರ ಕೋಣೆಗೆ ವಿದ್ಯುತ್ ದೀಪವಿಲ್ಲ, ಫ್ಲ್ಯಾಶ್ ಅಂತೂ ಕೂಡದು. ಎಣ್ಣೆದೀಪದ ಬೆಳಕೇ ಬೆಳಕು. ಕಾರ್ತಿಕದ ದೀಪ ಹಚ್ಚುವ ಅತ್ತೆಯವರ ಫೋಟೊ ಬೇಕೆಂದು ನನ್ನ ಹೆಂಡತಿ ಸುಧಾ ಕೇಳಿದ್ದೇ ತಡ, ಊಟದ ಎಲೆಯ ಮುಂದೆ ವಾದ ಹತ್ತಿಕೊಂಡಿತು. ನನ್ನ ಡಿಜಿಟಲ್ ಸೆನ್ಸರ್‌ಗೆ ಮಿಣುಕು ಬೆಳಕೂ ಸಾಕು, ಐಎಸ್‌ಒ, ಅಂದರೆ ಬೆಳಕು ಹಿಡಿಯುವ ಶಕ್ತಿ, ಏರಿಸಿದರೆ ಕಣ್ಣಿಗೆ ಕಾಣದ್ದೂ ಕಾಣುತ್ತದೆ ಎಂದೆ. ಹಾಗೆ ಏರಿಸಿದರೆ ಕತ್ತಲ ತುಂಬ ಕೆಂಪು, ಹಸಿರು ಚುಕ್ಕೆಗಳೇಳುತ್ತವೆ, ಫಿಲ್ಮಾದರೆ ನಿಧಾನವಾಗಿ ಬೆಳಕು ಕೂಡಿಸಿಕೊಂಡು ಕಪ್ಪನ್ನು ಕಪ್ಪಾಗಿಯೇ ಉಳಿಸುತ್ತದೆ ಎಂದರು ಅವರು. ಅಷ್ಟರಲ್ಲಿ ತೊವ್ವೆ ಆರಿಹೋಗಿತ್ತು.

ಸಂಜೆ ಪರೀಕ್ಷೆ. ಮಾವನವರು ಬಾಗಿಲಲ್ಲಿ ಸ್ಟ್ಯಾಂಡ್ ಮೇಲೆ ಕ್ಯಾಮೆರಾ ನಿಲ್ಲಿಸಿ ಶಟರ್ ತೆರೆದರು. ಅದನ್ನು ಮುಚ್ಚುವತನಕ ಯಾರೂ ಮಿಸುಕುವಂತಿರಲಿಲ್ಲ. ನಾನು ಎದುರಿನ ಮೂಲೆಯಲ್ಲಿದ್ದೆ. ಹತ್ತಿಯ ಮಡಿಸೀರೆಯುಟ್ಟ ಅತ್ತೆಯವರು ದೀಪಗಳತ್ತ ಬಾಗಿ ನಿಂತಿದ್ದರು.

“ಅಲ್ಲಾಡಬ್ಯಾಡ. ಉಸಿರೂ ಸಣ್ಣಗ ಬಿಡು,” ಎಂದರು ಮಾವನವರು, ಕೈಗಡಿಯಾರದಲ್ಲಿ ಕಣ್ಣಿಟ್ಟು.

ನನ್ನ ಪರದೆಯಲ್ಲಿ ಅತ್ತೆಯವರ ಸೆರಗಿನ ತುದಿಗೆ ಒಂದು ಕೆಂಪು ಚುಕ್ಕೆ ಕಂಡಿತು. ಮಾವನವರು ಹೇಳಿದ ಚುಕ್ಕೆ ಇದೇ, ಇನ್ನು ನನ್ನ ಮರ್ಯಾದೆ ಹೋಯಿತು ಎಂದುಕೊಂಡು ಐಎಸ್‌ಒ ಇಳಿಸಿದೆ. ಹೋಗಲಿಲ್ಲ. ಮತ್ತೂ ಇಳಿಸಿದೆ. ಉಳಿದೆಲ್ಲ ಕಪ್ಪಾಯಿತು, ಚುಕ್ಕೆ ಮಾತ್ರ ಅಂಗೈಯಗಲವಾಯಿತು. ಬಟ್ಟೆ ಸುಟ್ಟ ವಾಸನೆ ಬಂತು. ಸೆನ್ಸರ್‌ನ ಚುಕ್ಕೆಗೆ ವಾಸನೆ ಇರುವುದಿಲ್ಲವೆಂದು ನನಗೆ ಕೂಡಲೇ ಹೊಳೆಯಲಿಲ್ಲ.

“ಏನ್ರಿ, ಕೈ ಸುಡಾಕತ್ತದ,” ಎಂದರು ಅತ್ತೆಯವರು, ತುಟಿಯನ್ನೂ ಪೂರಾ ಅಲ್ಲಾಡಿಸದೆ. “ಸರೀಲ್ಯಾ?”

“ಇನ್ನೊಂದೀಟು ತಡಿ,” ಎಂದರು ಮಾವನವರು, ಗಡಿಯಾರದಿಂದ ಕಣ್ಣೆತ್ತದೆ.

ತಂಬಿಗೆಯಲ್ಲಿ ಪೂಜೆಯ ನೀರು ತರುತ್ತಿದ್ದ ಸುಧಾ ತಂದೆಯನ್ನು ತಳ್ಳಿಕೊಂಡು ಒಳನುಗ್ಗಿದಳು. ಸೆರಗು ಜಗ್ಗಿ, ತುಳಿದು, ನೀರು ಸುರಿದಳು. ಅತ್ತೆಯವರ ಮೊಣಕೈ ಮೇಲೆ ಬೊಬ್ಬೆ ಎದ್ದಿತು, ಅಷ್ಟಕ್ಕೇ ಉಳಿಯಿತು. ಒದ್ದೆ ಸೆರಗು ಹಿಂಡುತ್ತ ಅತ್ತೆಯವರೇ, ಫೋಟೊ ಬಂತೇನು ಎಂದು ಕೇಳಿದರು.

ಆಮೇಲೆ ನಾನು ಕೆಲಸ ಮಾಡುವ ಕಾಲೇಜಿನಲ್ಲಿ ಈ ಕಥೆ ಹೇಳುವಾಗ, ‘ನಾವು ಹಾರಿ ಬೆಂಕಿ ಆರಿಸಿದೆವು’ ಎಂದೇ ಹೇಳುತ್ತಿದ್ದೆ. ಹೇಳಿ ಹೇಳಿ ನಾನೂ ನಂಬಿದ್ದೆ. ಅಷ್ಟರಲ್ಲಿ ಹುಬ್ಬಳ್ಳಿಯಿಂದ ಮಾವನವರ ಫಿಲ್ಮು ತೊಳೆದು ಬಂತು. ಗಾಬರಿಯಲ್ಲಿ ಅವರು ಬೆಂಕಿ ಆರುವತನಕ ಶಟರ್ ಮುಚ್ಚಿರಲೇ ಇಲ್ಲ. ಅತ್ತೆಯವರು ಮಂಜಾಗಿದ್ದರು, ಸುಧಾ ಒಂದು ಬಿಳಿ ಗೆರೆಯಾಗಿದ್ದಳು. ಮೂಲೆಯಲ್ಲಿ, ಬೆಂಕಿಯ ಬೆಳಕಿನಲ್ಲಿ, ಪರದೆಗೆ ತಲೆ ಬಗ್ಗಿಸಿದ ನಾನು ಅಂಗಿಯ ಗುಂಡಿ ಸಮೇತ ಸ್ಪಷ್ಟವಾಗಿದ್ದೆ.

“ಅಳಿಯಂದ್ರ, ನೀವೊಬ್ಬರಽ ನೋಡ್ರಿ ಒಟ್ಟ ಅಲ್ಲಾಡದವರು,” ಎಂದರು ಮಾವನವರು, ಮನಸಾರೆ ಮೆಚ್ಚಿ.

ಕತ್ತಲಲ್ಲಿ ಫಿಲ್ಮೇ ಮೇಲೆಂದು ಅಲ್ಲೇ ಒಪ್ಪಿಕೊಂಡೆ, ವಾದ ಮುಗಿದು ಚಿತ್ರ ಪೆಟ್ಟಿಗೆ ಸೇರಲೆಂಬ ಆಸೆಯಿಂದ. ಗೆದ್ದ ಸಂತೋಷಕ್ಕೆ ಅವರು ಅದನ್ನು ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದಾರೆ.