ಗಾಜಿನ ಕಪಾಟಿನ ಇನ್ನೂರೈವತ್ತು ಆಂಪ್ಸ್‌ನವರಿಗೆ ಒಂದು ದೂರು

ಮಾನ್ಯ ದೊಡ್ಡ ವೆಲ್ಡಿಂಗ್ ಮೆಷಿನ್‌ನವರೇ,

ತಮ್ಮ ಕೆಂಪು ಮೈಗೂ, ಮುಂಭಾಗದ ಎರಡು ತಿರುಗಣೆಗಳಿಗೂ, ಇನ್ನೂ ಯಾರೂ ಬಿಚ್ಚದ ಪ್ಲಾಸ್ಟಿಕ್ ಹೊದಿಕೆಗೂ ಪ್ರತ್ಯೇಕವಾಗಿ ನಮಸ್ಕಾರಗಳು. ಹಾರ್ಡ್‌ವೇರ್ ಅಂಗಡಿಯ ಎರಡನೆಯ ಹಲಗೆಯ ಮೇಲೆ, ಬಣ್ಣದ ಡಬ್ಬಗಳಿಗೂ ನಲ್ಲಿಗಳಿಗೂ ನಡುವೆ ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಂಬಿದ್ದೇನೆ ಎನ್ನುವುದು ಸೌಜನ್ಯದ ಮಾತು. ನಿನ್ನೆ ಸಂಜೆ ಬಂದು ನೋಡಿಕೊಂಡೇ ಹೋಗಿದ್ದೇನೆ. ಒಂದು ತಿಂಗಳಲ್ಲಿ ಆರು ಸಲ ತಮ್ಮೆದುರು ನಿಂತು, ಸುಮ್ಮನೆ ನೋಡಿ ಹೋಗಲು ಸಂಕೋಚವಾಗಿ, ಪ್ರತಿ ಸಲವೂ ಒಂದು ಪೊಟ್ಟಣ ಮೊಳೆ ಕೊಂಡು ಮರಳಿದವಳು ನಾನೇ. ವೆಲ್ಡಿಂಗ್ ಮಾಡುವವಳಿಗೆ ಇಷ್ಟೊಂದು ಮೊಳೆ ಯಾಕೆ ಎಂದು ಅಂಗಡಿಯವರು ಇದುವರೆಗೆ ಕೇಳದಿರುವುದು ಅವರ ದೊಡ್ಡತನ.

ನಾನು ಸಾಹಿತ್ಯದಲ್ಲಿ ಎಂ.ಎ. ಮಾಡಿದವಳು. ಎರಡು ವರ್ಷ ಕೊನೆಯ ಬೆಂಚಿನಲ್ಲಿ ಕುಳಿತು, ಹಾಜರಿ ಕೂಗಿದಾಗ ಮಾತ್ರ ಬಾಯಿ ತೆರೆದೆ. ಅದೂ ಕೇಳಿಸದೆ ಹಲವು ದಿನ ಗೈರುಹಾಜರಿ ಬಿದ್ದಿದೆ. ಅಂಥವಳಿಗೆ ಬೆಸುಗೆಯ ಹುಚ್ಚು ಹೇಗೆ ಹಿಡಿಯಿತು ಎಂದು ತಾವು ಕೇಳಬಹುದು. ಕಪ್ಪು ಗಾಜಿನ ಹೆಲ್ಮೆಟ್ ಹಾಕಿದರೆ ಮುಖ ಕಾಣುವುದಿಲ್ಲ, ಆ ಸದ್ದಿನಲ್ಲಿ ಯಾರೂ ಮಾತಾಡಿಸುವುದಿಲ್ಲ, ದಪ್ಪ ಕೈಗವಸು ಇರುವುದರಿಂದ ಫೋನ್ ಎತ್ತದಿದ್ದರೂ ತಪ್ಪಿಲ್ಲ. ನನ್ನಂಥವರಿಗೆ ಇದಕ್ಕಿಂತ ನೆಮ್ಮದಿಯ ಹವ್ಯಾಸ ಇನ್ನೊಂದಿಲ್ಲ.

ನನ್ನ ಬಳಿ ಇರುವುದು ನೂರಿಪ್ಪತ್ತು ಆಂಪ್ಸ್‌ನ, ಹೆಗಲಿಗೆ ನೇತುಹಾಕಿಕೊಂಡು ಓಡಾಡಬಹುದಾದಷ್ಟು ಚಿಕ್ಕ ಮೆಷಿನ್. ಅದರಿಂದ ಈವರೆಗೆ ಒಂದು ಹೂಕುಂಡದ ಸ್ಟ್ಯಾಂಡು, ಒಂದು ಚಪ್ಪಲಿ ಗೂಡು ಮತ್ತು ಒಂದು ಸ್ಟೂಲು ತಯಾರಾಗಿವೆ. ಆ ಸ್ಟೂಲಿನ ಮುಂದೆ ನಿಂತು ನಮ್ಮ ಮನೆಯವರು ಒಬ್ಬರಿಗೊಬ್ಬರು "ನೀವು ಕೂತ್ಕೊಳ್ಳಿ", "ಪರವಾಗಿಲ್ಲ, ನೀವೇ ಕೂತ್ಕೊಳ್ಳಿ" ಎಂದು ಉಪಚಾರ ಮಾಡುವುದನ್ನು ಕಂಡು, ಎಂಥ ಸಂಸ್ಕಾರವಂತ ಕುಟುಂಬ ಎಂದು ನೆಂಟರು ಮೆಚ್ಚಿಕೊಂಡಿದ್ದಾರೆ.

ಹೀಗೆ ಯಾರಿಗೂ ತೊಂದರೆಯಿಲ್ಲದೆ ನಡೆಯುತ್ತಿದ್ದಾಗ ಅಜ್ಜಿಗೆ ಮಂಡಿಯ ಆಪರೇಷನ್ ಆಯಿತು. ನಮ್ಮ ಮುಂಬಾಗಿಲಿಗೆ ಐದು ಮೆಟ್ಟಿಲು. ಹಿಡಿದುಕೊಳ್ಳಲು ಗೋಡೆ ಬಿಟ್ಟರೆ ಏನೂ ಇಲ್ಲ. ಕಂಬಿ ಹಾಕಿಸಿ, ಆಮೇಲೆ ಮನೆಗೆ ಕರೆದುಕೊಂಡು ಹೋಗಿ ಎಂದರು ಡಾಕ್ಟರು. ಅಲ್ಲಿಯವರೆಗೆ ಅಜ್ಜಿ ಮೆಟ್ಟಿಲಿಲ್ಲದ ದೊಡ್ಡಮ್ಮನ ಮನೆಯಲ್ಲಿ. ಅಮ್ಮ ಗ್ರಿಲ್ ಮಾಡುವವರನ್ನು ಕರೆಸೋಣವೆಂದಳು. ಅಜ್ಜಿ ಫೋನಿನಲ್ಲೇ ತೀರ್ಪು ಕೊಟ್ಟಳು: "ನಮ್ಮ ಹುಡುಗಿ ಮನೇಲಿರುವಾಗ ಬೇರೆಯವರ್ಯಾಕೆ? ಅವಳು ಮಾಡಿದ್ದಾದ್ರೆ ಹಿಡ್ಕೊಂಡು ಹತ್ತೀನಿ. ಇಲ್ಲಾಂದ್ರೆ ನಾನು ಇಲ್ಲೇ ಇರ್ತೀನಿ, ಬಿಡಿ." ಸ್ಟೂಲಿನ ವಿಷಯವನ್ನು ಅಜ್ಜಿಗೆ ಯಾರೂ ಹೇಳಿರಲಿಲ್ಲ.

ಮಾದರಿಗೆಂದು ಮಹಡಿಯ ಮೇಲೆ ಎರಡು ತುಂಡು ಪೈಪನ್ನು ಬೆಸೆದು ಚಿಕ್ಕಪ್ಪನ ಕೈಗೆ ಕೊಟ್ಟೆ. ಅವರು ಸುಮ್ಮನೆ ಒಮ್ಮೆ ಜಗ್ಗಿದರು. ಒಂದು ತುಂಡು ಎಡಗೈಯಲ್ಲಿ, ಇನ್ನೊಂದು ಬಲಗೈಯಲ್ಲಿ ಉಳಿಯಿತು. "ಇದೇನೇ ಇದು, ವೆಲ್ಡಿಂಗೋ, ಚೂಯಿಂಗ್ ಗಮ್ಮೋ?" ಎಂದರು. ನಗಬೇಕೆಂದೇ ಹೇಳಿದ್ದು, ಆದರೆ ಆ ಪೈಪಿನ ತುದಿಯಲ್ಲಿ ಚಿಕ್ಕಪ್ಪನ ಬದಲು ಅಜ್ಜಿ ಇದ್ದಿದ್ದರೆ ಎಂಬ ಯೋಚನೆ ಇಬ್ಬರಿಗೂ ಒಟ್ಟಿಗೇ ಬಂದಿರಬೇಕು, ಇಬ್ಬರೂ ನಗಲಿಲ್ಲ. ಬೆಸುಗೆ ಲೋಹದೊಳಕ್ಕೆ ಇಳಿದೇ ಇರಲಿಲ್ಲ, ಮೇಲೆ ಮೇಣ ಮೆತ್ತಿದಂತೆ ಕೂತಿತ್ತು. ಬೆಸುಗೆಗೆಂದು ಕರಗಿಸುವ ರಾಡ್ ಬೇರೆ ಮಾತುಮಾತಿಗೂ ಪೈಪಿಗೆ ಅಂಟಿಕೊಳ್ಳುತ್ತಿತ್ತು.

ತಪ್ಪು ನನ್ನದಿರಬಹುದು ಎಂಬ ಅನುಮಾನ ನನಗೆ ಒಂದು ಕ್ಷಣವೂ ಬರಲಿಲ್ಲವೆಂದು ಹೆಮ್ಮೆಯಿಂದ ತಿಳಿಸುತ್ತೇನೆ. ಚಿಕ್ಕ ಮೆಷಿನ್‌ಗೆ ಶಕ್ತಿ ಸಾಲದು, ದೊಡ್ಡದು ಬೇಕು ಎಂದು ನಿರ್ಧರಿಸಿ, ನಿರ್ಧಾರ ಮಾಡಿದ ಮೇಲೆ ಅಧ್ಯಯನ ಶುರುಮಾಡಿದೆ. ಎಲ್ಲೆಲ್ಲಿಯದೋ ಹವ್ಯಾಸಿಗಳು ಬರೆದುಕೊಂಡದ್ದನ್ನೆಲ್ಲ ಓದಿದೆ. ದೊಡ್ಡದು ಕೊಂಡು ಪಶ್ಚಾತ್ತಾಪಪಟ್ಟವರು ಒಬ್ಬರೂ ಇಲ್ಲ. ಕೊಂಡದ್ದರಿಂದ ಏನು ಮಾಡಿದರು ಎಂದು ಬರೆದವರೂ ಹೆಚ್ಚಿಲ್ಲ. ನೋಟ್‌ಬುಕ್ಕಿನ ಎಡಪುಟದಲ್ಲಿ ತಾವು ಬೇಕೆನ್ನಲು ಹತ್ತೊಂಬತ್ತು ಕಾರಣ ಬರೆದೆ. ಬಲಪುಟದಲ್ಲಿ, ಬೇಡವೆನ್ನಲು, "ಭಾರ" ಎಂಬ ಒಂದೇ ಪದ ಬರೆದು, ಅದನ್ನೂ ಹೊಡೆದುಹಾಕಿ, ವ್ಯಾಯಾಮವಾಗುತ್ತದೆ ಎಂದು ಎಡಕ್ಕೆ ಸೇರಿಸಿದೆ. ಇಪ್ಪತ್ತಾಯಿತು.

ಐದನೆಯ ಭೇಟಿಯಲ್ಲಿ ಧೈರ್ಯ ಮಾಡಿ, ಮೊಳೆ ಕೇಳುವ ದನಿಯಲ್ಲೇ ತಮ್ಮನ್ನು ಕೇಳಿದೆ. ಅಂಗಡಿಯವರು ಕನ್ನಡಕ ಹಣೆಗೇರಿಸಿ, "ಎಷ್ಟು ದಪ್ಪದ ಪೈಪಮ್ಮಾ?" ಎಂದರು. ಮೂರು ಮಿಲಿಮೀಟರ್, ಈಗಿರುವ ಮೆಷಿನ್ ನೂರಿಪ್ಪತ್ತು ಆಂಪ್ಸ್‌ನದು ಎಂದೆ. "ಅದಕ್ಕೆ ನಿಮ್ಮದೇ ಸಾಕಲ್ಲ. ವೈರ್ ಎಷ್ಟು ಉದ್ದ ಎಳೆದಿದ್ದೀರಾ?" ನಲವತ್ತು ಮೀಟರ್ ಎಂದೆ: ಕೆಳಗಿನ ಅಡುಗೆಮನೆಯ ಪ್ಲಗ್ಗಿನಿಂದ ಹೊರಟು, ಮೆಟ್ಟಿಲು ಹತ್ತಿ, ಎರಡು ಎಕ್ಸ್‌ಟೆನ್ಷನ್ ಬಾಕ್ಸ್ ದಾಟಿ, ಮಹಡಿಯ ಹಿಂಬದಿಗೆ, ನೀರಿನ ಟ್ಯಾಂಕಿನ ಮರೆಗೆ. ವೈರು ಟೇಬಲ್ ಫ್ಯಾನಿನದು. ಅವರು ಕನ್ನಡಕವನ್ನು ಮತ್ತೆ ಕಣ್ಣಿಗಿಳಿಸಿ, "ಅಷ್ಟು ದೂರ ಯಾಕಮ್ಮಾ?" ಎಂದರು. ಅಲ್ಲಾದರೆ ಗಾಳಿ ಚೆನ್ನಾಗಿರುತ್ತದೆ ಎಂದೆ. "ಮೆಷಿನ್‌ಗೆ ಗಾಳಿ ಬೇಡಮ್ಮಾ, ಕರೆಂಟ್ ಬೇಕು. ಆ ವೈರಲ್ಲಿ ಅದು ದಾರೀಲೇ ಸೊರಗಿಹೋಗುತ್ತೆ. ದೊಡ್ಡದು ತಗೊಂಡ್ರೆ ಇನ್ನೂ ಕಷ್ಟ, ವೈರೇ ಸುಟ್ಟೋಗುತ್ತೆ. ಮೀಟರ್ ಬೋರ್ಡ್ ಪಕ್ಕ ಇಟ್ಕೊಂಡು ಒಂದ್ಸಲ ಮಾಡಿ ನೋಡಿ, ಆಮೇಲೂ ಬೇಕು ಅನ್ಸಿದ್ರೆ ಬನ್ನಿ" ಎಂದು, ಮಾಡಿಕೊಳ್ಳಬಹುದಾದ ವ್ಯಾಪಾರವನ್ನು ಕೈಯಾರೆ ಕೆಡಿಸಿಕೊಂಡರು. ಇಂಥವರ ಅಂಗಡಿಯಲ್ಲಿ ತಮ್ಮಂಥವರ ಭವಿಷ್ಯವೇನು ಎಂದು ನನಗೆ ನಿಜಕ್ಕೂ ಕಳವಳವಾಯಿತು. ಅದಿರಲಿ, ಹಿಂದಿನ ನಾಲ್ಕು ಭೇಟಿಗಳಲ್ಲಿ ತಾವಾದರೂ ಒಂದು ಸಲ ವೈರಿನ ಉದ್ದ ವಿಚಾರಿಸಬಹುದಿತ್ತು. ತಮ್ಮ ಆ ಗಂಭೀರ ಮೌನವೇ ನನ್ನ ಮೊದಲ ದೂರು.

ಎರಡನೆಯದು ಇನ್ನೂ ದೊಡ್ಡದು. ನಮ್ಮ ಮೀಟರ್ ಬೋರ್ಡ್ ಇರುವುದು ಮುಂಬಾಗಿಲ ಪಕ್ಕದಲ್ಲಿ. ಅಂದರೆ ಆ ಐದು ಮೆಟ್ಟಿಲುಗಳ ಮೇಲೆ, ಬೀದಿಗೆ ಎದುರಾಗಿ, ಬಸ್‌ಸ್ಟಾಪಿನವರ ಕಣ್ಣೆದುರು. ಆಚೆ ಬದಿಯಲ್ಲಿ ಟೈಲರ್ ಅಂಗಡಿ; ದಾರಿಯಲ್ಲಿ ಹೋಗುವವರ ತೋಳಿನ ಅಳತೆಯನ್ನು ಕೂತಲ್ಲಿಂದಲೇ ಹೇಳುವ ಟೈಲರು. ಟ್ಯಾಂಕಿನ ಮರೆಗೆ ನಾನು ಹೋದದ್ದು ಗಾಳಿಗಲ್ಲ, ಇವರೆಲ್ಲರಿಗೆ ಹೆದರಿ. ನನ್ನ ನೂರಿಪ್ಪತ್ತು ಆಂಪ್ಸ್‌ನಲ್ಲಿ ಅರ್ಧದಷ್ಟನ್ನು ನನ್ನ ನಾಚಿಕೆಯೇ ನುಂಗುತ್ತಿತ್ತು ಎಂಬುದು ಆಗ ಗೊತ್ತಾಯಿತು. ಗೊತ್ತಾದ ಮೇಲೂ ನಾನು ಮಾಡಿದ ಮೊದಲ ಕೆಲಸವೆಂದರೆ, ಇಡೀ ಮನೆಯ ವೈರಿಂಗ್ ಬದಲಿಸಿ ಟ್ಯಾಂಕಿನ ಬಳಿಗೇ ಹೊಸ ಲೈನ್ ಎಳೆಸಲು ಎಷ್ಟು ದಿನ ಬೇಕು ಎಂದು ವಿಚಾರಿಸಿದ್ದು. ಅಮ್ಮ ಕೇಳಿದಳು: "ಮನೆ ಒಡೆಸ್ತೀಯಾ, ಬಾಗಿಲ ಹತ್ರ ನಿಲ್ಲೋದಿಲ್ವಾ? ಅಲ್ಲಿ ಅಜ್ಜಿ ದಿನಾ ಫೋನ್ ಮಾಡಿ ಕಂಬಿ ಎಲ್ಲಿಗೆ ಬಂತು ಅಂತಿದ್ದಾಳೆ."

ಆದಕಾರಣ ತಮ್ಮಂಥ ಪ್ರಭಾವಶಾಲಿಗಳಲ್ಲಿ ನನ್ನ ಕೆಲವು ಬಿನ್ನಹಗಳಿದ್ದವು. ತಮ್ಮ ಜೊತೆಗೆ ಕೈಗವಸು, ಬ್ರಷ್ಷು ಕೊಡುವಂತೆ ಆರಡಿ ಎತ್ತರದ ಒಂದು ಗೋಡೆಯನ್ನೂ ಕೊಡಬೇಕು. ಕಿಡಿಗಳು ಸದ್ದಿಲ್ಲದೆ, ಸಾಧ್ಯವಾದರೆ ಒಂದೊಂದಾಗಿ ಹಾರಬೇಕು. ಬಸ್ಸುಗಳು ನಾನು ರಾಡ್ ಹಿಡಿಯುವ ಮುನ್ನವೇ ಎಲ್ಲರನ್ನೂ ಹತ್ತಿಸಿಕೊಂಡು ಹೋಗುವಂತೆ ಸಂಬಂಧಪಟ್ಟವರಿಗೆ ತಾವು ಹೇಳಬೇಕು. ಇವಾವುದೂ ಆಗದಿದ್ದರೆ, ನನ್ನ ವೇಷದಲ್ಲಿ ತಾವೇ ಬಂದು ನಿಲ್ಲಬೇಕು.

ತಮ್ಮ ಉತ್ತರ ಬಾರದಿದ್ದುದರಿಂದ ಕಳೆದ ಭಾನುವಾರ ಬೆಳಿಗ್ಗೆ ನಾನೇ ನಿಂತೆ. ಗಾರೆಯವರು ಆಗಲೇ ಕಂಬಗಳನ್ನು ನೆಟ್ಟು ಹೋಗಿದ್ದರು. ಅಂಗಡಿಯವರು ಕೊಟ್ಟ ಮೂರು ಮೀಟರಿನ ದಪ್ಪ ವೈರನ್ನು ಬೋರ್ಡಿಗೆ ಸಿಕ್ಕಿಸಿ, ಹೆಲ್ಮೆಟ್ ಇಳಿಸುವ ಮುನ್ನ ಒಮ್ಮೆ ತಿರುಗಿದರೆ, ಬಸ್‌ಸ್ಟಾಪಿಗೆ ಬಸ್‌ಸ್ಟಾಪೇ ನನ್ನೆದುರು ಬಂದಿತ್ತು. ತರಕಾರಿ ಚೀಲದವರು, ಸೈಕಲ್ ನಿಲ್ಲಿಸಿದವರು, ಕುತ್ತಿಗೆಗೆ ಟೇಪ್ ಹಾಕಿಕೊಂಡ ಟೈಲರು, ಎಲ್ಲರೂ ಕಣ್ಣು ಬಿಟ್ಟುಕೊಂಡು ನಿಂತಿದ್ದಾರೆ. ಬರಿಗಣ್ಣಲ್ಲಿ ಆ ಬೆಳಕು ನೋಡಿದರೆ ಇವರೆಲ್ಲರ ಕಣ್ಣಿನ ಗತಿಯೇನು? ಬೇರೆ ದಾರಿಯಿಲ್ಲದೆ ಕಿರುಚಿದೆ: "ಯಾರೂ ನನ್ನ ಕಡೆ ನೋಡ್ಬೇಡಿ! ಎಲ್ಲರೂ ಆ ಕಡೆ ತಿರುಗಿ!"

ಮಾನ್ಯರೇ, ಬುದ್ಧಿ ಬಂದಾಗಿನಿಂದ ನಾನು ಮನಸ್ಸಿನಲ್ಲಿ ಹೇಳಿಕೊಂಡು ಬಂದಿದ್ದ ಮಾತು ಅದೊಂದೇ. ಅದು ಬಾಯಿಂದ ಹೊರಬಿದ್ದೊಡನೆ ಬೀದಿಗೆ ಬೀದಿಯೇ ವಿಧೇಯವಾಗಿ ಬೆನ್ನು ತಿರುಗಿಸಿ ನಿಂತಿತು. ಚಿಕ್ಕ ಮೆಷಿನ್ ಮೊದಲ ಬಾರಿಗೆ ಗುಂಯ್ ಎಂದು ಒಂದೇ ಸಮನೆ ಹಾಡಿತು. ರಾಡ್ ಅಂಟಲಿಲ್ಲ, ಲೋಹ ಕರಗಿ ಒಳಕ್ಕಿಳಿಯುವುದು ಕಪ್ಪು ಗಾಜಿನಲ್ಲಿ ಕಂಡಿತು. "ಆಯ್ತೇನಮ್ಮಾ? ತಿರುಗ್ಲಾ?" ಎಂದು ಟೈಲರು ಆ ಕಡೆ ನೋಡಿಕೊಂಡೇ ಕೇಳುತ್ತಿದ್ದರು. "ಇನ್ನೂ ಇಲ್ಲ!" ಎಂದು ನಾನು ಗದರಿಸುತ್ತಿದ್ದೆ. ಇಡೀ ಕಂಬಿ ಮುಗಿಯುವಷ್ಟರಲ್ಲಿ ಮೂರು ಬಸ್ಸು ಬಂದು ಹೋದವು. ಕೆಲವರು ಹತ್ತಲೇ ಇಲ್ಲ.

ಕಂಬಿ ತಣ್ಣಗಾದ ಮೇಲೆ ಚಿಕ್ಕಪ್ಪ ಎರಡೂ ಕಾಲೆತ್ತಿ ಜೋತುಬಿದ್ದರು, ಕುಲುಕಿದರು, ಕೊನೆಗೆ ಅವರ ರಟ್ಟೆಗೇ ನೋವು ಬಂತು. ಟೈಲರು ಬೆಸುಗೆಯ ಮೇಲೆ ಉಗುರು ಎಳೆದು, "ಹೊಲಿಗೆ ಸೊಟ್ಟ ಇದೆ. ಆದ್ರೆ ಬಿಚ್ಚಲ್ಲ" ಎಂದರು.

ಮೊನ್ನೆ ಅಜ್ಜಿ ಬಂದಳು. ದೊಡ್ಡಮ್ಮನ ಕೈ ಬಿಡಿಸಿಕೊಂಡು, ಕಂಬಿ ಹಿಡಿದು, ಮೆಟ್ಟಿಲು ನೋಡದೆ ನನ್ನ ಮುಖ ನೋಡುತ್ತ ಹತ್ತಿದಳು. ಮೂರನೆಯ ಮೆಟ್ಟಿಲಲ್ಲಿ ನಿಂತುಬಿಟ್ಟಳು. "ಇಲ್ಲೊಂದು ಗಂಟಿದೆಯಲ್ಲೇ" ಎಂದಳು. ನಾನು ಸರಿಯಾಗಿ ಉಜ್ಜದೆ ಬಿಟ್ಟಿದ್ದ ಬೆಸುಗೆ. ಈಗಲೇ ಗ್ರೈಂಡರ್ ತಂದು ಉಜ್ಜುತ್ತೇನೆ ಎಂದೆ. "ಬೇಡ, ಇರಲಿ ಬಿಡೇ. ಇನ್ನೆರಡೇ ಮೆಟ್ಟಿಲು ಅಂತ ಕೈಗೆ ಗೊತ್ತಾಗುತ್ತೆ" ಎಂದು, ಉಳಿದೆರಡನ್ನೂ ಹತ್ತಿ ಒಳಗೆ ಹೋದಳು.

ಈ ಕಾರಣದಿಂದ ತಮ್ಮನ್ನು ಮನೆಗೆ ಕರೆತರುವ ವಿಚಾರವನ್ನು ಸದ್ಯಕ್ಕೆ ಕೈಬಿಟ್ಟಿದ್ದೇನೆಂದು ವಿಷಾದದಿಂದ ತಿಳಿಸುತ್ತೇನೆ. ತಾವು ಮನಸ್ಸಿಗೆ ಹಚ್ಚಿಕೊಳ್ಳಬಾರದೆಂದು ಕೋರಿಕೆ.

ಗಾಜಿನ ಈ ಕಡೆಯಿಂದ, ಆದರೂ ತಮ್ಮ ವಿಶ್ವಾಸಿ,
ಐದು ಮೆಟ್ಟಿಲ ಮನೆಯ ಮೊಮ್ಮಗಳು

ಮರೆತ ಮಾತು: ಟೈಲರು ತಮ್ಮ ಅಂಗಡಿಗೊಂದು ಗೇಟು ಬೇಕೆಂದಿದ್ದಾರೆ. ಬಹಳ ಆಸೆಯಿಂದ ಅಳತೆ ತೆಗೆದುಕೊಂಡೆ. ಅವರೂ ಎರಡೇ ಮಿಲಿಮೀಟರ್ ದಪ್ಪದ ಪೈಪು ಸಾಕು ಎನ್ನುತ್ತಾರೆ. ತಮ್ಮ ಪರಿಚಯದಲ್ಲಿ ಯಾರಿಗಾದರೂ ಎಂಟು ಮಿಲಿಮೀಟರ್ ದಪ್ಪದ ಕಷ್ಟವೇನಾದರೂ ಬಂದರೆ ದಯವಿಟ್ಟು ತಕ್ಷಣ ತಿಳಿಸಿ. ಅವರಿಗಾಗಿಯಾದರೂ ನಾನು ತಮ್ಮನ್ನು ಕೊಳ್ಳಲೇಬೇಕಾಗುತ್ತದೆ.