ಹನಿ ನೀರೂ ಸೋರದ ಶೂ ಕವರು

ನಕ್ಷೆ ರಿಪೇರಿಯವನ ಕಾಲ್ಚೀಲ ಒದ್ದೆಯಾದರೆ ಲೋಕವೇನೂ ಮುಳುಗುವುದಿಲ್ಲ. ಆದರೆ ಅವನ ಕೆಲಸ ಮುಳುಗುವ ಹಾಗಿತ್ತು.

ಅವನಿದ್ದದ್ದು ಹಳೆಯ ನಕ್ಷೆಗಳ ಸಂಗ್ರಹಾಲಯದಲ್ಲಿ. ಅಲ್ಲಿನ ಅತಿ ದೊಡ್ಡ ನಕ್ಷೆ ಯಾವ ಮೇಜಿಗೂ ಹಿಡಿಸದ್ದರಿಂದ ಅದನ್ನು ಮೇಲಂತಸ್ತಿನ ನೆಲದ ಮೇಲೆ ಹಾಸಿದ್ದರು. ಬೂಟು ಬಾಗಿಲಲ್ಲಿ ಬಿಟ್ಟು, ಬರೀ ಕಾಲ್ಚೀಲದಲ್ಲಿ ಒಳಗೆ ಹೋಗಿ, ಮಂಡಿಯೂರಿ ಹರಿದ ಜಾಗಕ್ಕೆಲ್ಲ ತೆಳು ಕಾಗದ ಅಂಟಿಸಬೇಕು. ನಿನ್ನೆ ಸಂಜೆ ಆ ನಕ್ಷೆಯ ನಟ್ಟನಡುವೆ ಒದ್ದೆ ಗುರುತು ಕಾಣಿಸಿಕೊಂಡಿತು. ಒಂದು ದೊಡ್ಡದು, ಪಕ್ಕದಲ್ಲಿ ಸಾಲಾಗಿ ನಾಲ್ಕು ಚಿಕ್ಕವು. ಥೇಟ್ ಕಾಲಿನ ಐದು ಬೆರಳು!

ಮೇಲಧಿಕಾರಿ ಮೇಡಂ ಎಲ್ಲರ ಪಾದ ಪರೀಕ್ಷಿಸಿದರು. ಆ ಮಳೆಯಲ್ಲಿ, ಆ ಚಳಿಯಲ್ಲಿ ಸೈಕಲ್ ತುಳಿದುಕೊಂಡು ಬರುವವನು ಇವನೊಬ್ಬನೇ. ಒದ್ದೆ ಕಾಲ್ಚೀಲವೂ ಇವನೊಬ್ಬನದೇ.

"ಹಿಮ್ಮಡಿ ಗುರುತೇ ಇಲ್ವಲ್ಲ ಮೇಡಂ," ಎಂದು ಹಲುಬಿದ.

"ಅಂದ್ರೆ ಕಳ್ಳನ ಹಾಗೆ ತುದಿಗಾಲಲ್ಲಿ ಹೋಗಿದ್ದೀರಿ. ನಾಳೆ ನಿಮ್ಮ ಕಾಲು ಒಣಗಿರ್ಬೇಕು. ಇಲ್ದಿದ್ರೆ ನೆಲಮಾಳಿಗೆ ಸ್ಟೋರಿಗೆ ಹೋಗಿ. ಅಲ್ಲಿರೋ ಮುರಿದ ಕುರ್ಚಿಗಳ ಮೇಲೆ ಎಷ್ಟು ಬೇಕಾದ್ರೂ ಹೆಜ್ಜೆ ಮೂಡಿಸಿ."

ಹನ್ನೊಂದು ವರ್ಷದಿಂದ ಕಿಟಕಿ ಪಕ್ಕ ಕೂತು ಮಾಡಿದ ಕೆಲಸ. ಅದನ್ನು ಬಿಟ್ಟು ಸ್ಟೋರಿನ ಕತ್ತಲೆಗೆ ಇಳಿಯುವುದೆಂದರೆ ಅವನಿಗೆ ಜೀವವೇ ಹೋದಂತೆ.

ಬೆಳಿಗ್ಗೆ ಹೆಂಡತಿ ಹೇಳಿದಳು, "ರೀ, ಇನ್ನೊಂದು ಜೊತೆ ಒಣ ಕಾಲ್ಚೀಲ ಇಟ್ಕೊಂಡು ಹೋಗಿ. ಅಲ್ಲಿ ಬದಲಾಯಿಸಿಕೊಂಡ್ರೆ ಆಯ್ತು."

ಪಕ್ಕದ ಮನೆಯ ಡ್ರಿಲ್ ಮೇಷ್ಟ್ರು ನಿವೃತ್ತರಾಗಿದ್ದರೂ ಅವರ ಕಿವಿ ನಿವೃತ್ತವಾಗಿರಲಿಲ್ಲ. ಕಾಂಪೌಂಡಿನ ಆಚೆಯಿಂದಲೇ ಗುಡುಗಿದರು. "ಒದ್ದೆಯಾದ ಮೇಲೆ ಬದಲಾಯಿಸೋದು ಒಂದು ಉಪಾಯವೇನಮ್ಮ? ಒದ್ದೆಯೇ ಆಗಬಾರದು! ನಡಿಯಯ್ಯಾ, ಶೂ ಕವರ್ ಕೊಡಿಸ್ತೀನಿ."

ಹೆಂಡತಿ ಕೋಟು ತಂದು ಅವನ ಹೆಗಲಿಗೇರಿಸಿ ಒಳಗೆ ಹೋದಳು.

ಸೈಕಲ್ ಅಂಗಡಿಯಾಕೆ ಮೂರು ಬಗೆ ಹರಡಿದಳು. ಒಂದು ತೆಳ್ಳಗಿನದು, ಮಡಚಿದರೆ ಜೇಬಿಗೆ ಹೋಗುತ್ತದೆ. ಇನ್ನೊಂದು ದಪ್ಪ ಬಟ್ಟೆಯದು, ಚಳಿಗೆ ಬೆಚ್ಚಗಿರುತ್ತದೆ, ಆದರೆ ಪೆಡಲಿಗೆ ಬೂಟು ಕಚ್ಚಿಕೊಳ್ಳಲೆಂದು ಅಡಿಯಲ್ಲಿ ತೂತು. ಮೂರನೆಯದು ಅಂಗಾಲಿನಿಂದ ಮೀನಖಂಡದವರೆಗೆ ಒಂದೇ ಸಮ ರಬ್ಬರು, ಮೇಲ್ಗಡೆ ಗೇಣುದ್ದದ ಜಿಪ್ಪು.

"ಬೂಟಿನ ಮೇಲೆ ಹಾಕೋದಲ್ವಾ ಸರ್, ಒಂದು ಸೈಜ್ ದೊಡ್ಡದೇ ತಗೊಳ್ಳಿ," ಎಂದಳು ಆಕೆ.

"ದೊಡ್ಡದಾದ್ರೆ ಸಂದಿಯಲ್ಲಿ ನೀರು ನುಗ್ಗತ್ತೆ!" ಮೇಷ್ಟ್ರು ದಪ್ಪ ಬಟ್ಟೆಯದನ್ನು ಎತ್ತಿ ತೂತಿನಿಂದ ಅಂಗಡಿಯಾಕೆಯನ್ನೇ ಇಣುಕಿ ನೋಡಿದರು. "ತಳ ಇಲ್ಲದ ಕೊಡಾನ ಯಾರಾದ್ರೂ ಕೊಂಡ್ಕೋತಾರಾ? ರಬ್ಬರಿಂದು ಕೊಡಿ. ಬಿಗಿಯಾಗಿರಲಿ."

"ಹಾಗಾದ್ರೆ ಒಂದು ಮಾತು ಸರ್. ಮಳೆ ಪ್ಯಾಂಟು ಕವರಿನ ಹೊರಗೆ ಬರ್ಲಿ. ಒಳಗೆ ಸಿಕ್ಕಿಸ್ಬೇಡಿ."

ಬೀದಿಗೆ ಬಂದ ಕೂಡಲೇ ಮೇಷ್ಟ್ರು ಬಗ್ಗಿ ಪ್ಯಾಂಟನ್ನು ನೀಟಾಗಿ ಕವರಿನ ಒಳಗೆ ತುರುಕಿದರು. "ಹೊರಗೆ ಬಿಟ್ರೆ ಚೈನಿಗೆ ಸಿಕ್ಕಿ ಮುಂದಿನ ಹಲ್ಲು ಉದುರಿಸ್ಕೋತೀಯ. ಅವಳಿಗೇನು ಗೊತ್ತು?" ಎಂದು ಎರಡೂ ಕೈಯಲ್ಲಿ ಜಿಪ್ಪು ಎಳೆದರು. ಅವನ ಕಣ್ಣಲ್ಲಿ ನೀರೇ ಬಂತು.

ಮಳೆಯ ಜೊತೆ ಸಣ್ಣ ಆಲಿಕಲ್ಲೂ ಬೀಳುತ್ತಿತ್ತು. ಅವನಿಗೋ ಹಬ್ಬ! ಬಳಸಿಕೊಂಡು ಹೋಗಬಹುದಾದ ಹೊಂಡಗಳನ್ನೆಲ್ಲ ಹುಡುಕಿ ಹುಡುಕಿ ನಡುವೆಯೇ ಸೈಕಲ್ ಬಿಟ್ಟ. ಅರ್ಧ ದಾರಿಯಲ್ಲಿ ಮೀನಖಂಡದ ಹತ್ತಿರ ಏನೋ ಹರಿದಂತಾಯಿತು. ರಬ್ಬರಲ್ಲವೇ, ಬೆವರಿರಬೇಕು ಎಂದುಕೊಂಡ. ಮುಂದಿನ ತಿರುವಿನಲ್ಲಿ ಬೆವರು ಹಿಮದಷ್ಟು ತಣ್ಣಗಿತ್ತು. ಆಗಲೂ ಬೆವರೇ ಎಂದುಕೊಂಡ. ಸಂಗ್ರಹಾಲಯದ ಮೆಟ್ಟಿಲು ಹತ್ತುವಾಗ ಪ್ರತಿ ಹೆಜ್ಜೆಗೂ ಬುಳುಕ್, ಬುಳುಕ್.

ಮರಗಟ್ಟಿದ ಬೆರಳಿಗೆ ಜಿಪ್ಪು ಜಗ್ಗಲಿಲ್ಲ. ನಕ್ಷೆ ಕೋಣೆಯ ಹೊಸ್ತಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತು ಒದ್ದಾಡುತ್ತಿದ್ದಾಗ, ಪುಸ್ತಕ ಹೊಲಿಯುವ ಬೈಂಡಿಂಗ್ ಅಕ್ಕ ದಾರಕ್ಕೆ ಸವರುವ ಮೇಣ ಹಿಡಿದು ಓಡಿ ಬಂದಳು. ಜಿಪ್ಪಿಗೆ ಮೇಣ ತಿಕ್ಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಮ್ಮಡಿ ಹಿಡಿದು ಜಗ್ಗತೊಡಗಿದಳು.

"ತಮ್ಮಾ, ಉಸಿರು ಬಿಡು!"

"ಸಿಕ್ಕಿರೋದು ಕಾಲು ಅಕ್ಕಾ, ಹೊಟ್ಟೆ ಅಲ್ಲ!"

ಅಷ್ಟರಲ್ಲಿ ಮೇಡಂ ಬಂದು ನಿಂತರು. "ಎಲ್ಲಿ, ಕಾಲು ತೋರಿಸಿ."

ಪಚಕ್! ಕವರು, ಬೂಟು, ಕಾಲ್ಚೀಲ ಮೂರೂ ಒಟ್ಟಿಗೆ ಕಳಚಿ ಬಂದವು. ಅಕ್ಕ ಹಿಂದಕ್ಕೆ ಜೋಲಿ ಹೊಡೆದು ಗೋಡೆಗೆ ಒರಗಿದಳು, ಕವರನ್ನು ಮಾತ್ರ ಕೂಸಿನ ಹಾಗೆ ನೆಟ್ಟಗೆ ಹಿಡಿದಿದ್ದಳು. ಅದರ ತುಂಬ ನೀರು. ಪ್ಯಾಂಟಿನ ಮೇಲೆ ಬಿದ್ದ ಮಳೆಯೆಲ್ಲ ಇಳಿದು ಅಲ್ಲೇ ಸೇರಿಕೊಂಡಿತ್ತು.

"ಆದ್ರೂ ಒಂದು ಹನಿ ಸೋರಿಲ್ಲ ನೋಡಿ ಮೇಡಂ," ಎಂದ ಪುಣ್ಯಾತ್ಮ.

"ಒಣಗಿದ ಕಾಲು ತೋರಿಸಿ ಅಂದ್ರೆ ಬಾವಿ ತೋರಿಸ್ತಿದ್ದೀರಲ್ರೀ! ತಗೊಳ್ಳಿ ಸ್ಟೋರಿನ ಬೀಗದ ಕೈ."

ಅವನು ಕೈ ಚಾಚಿದ. ಆಗ ಕೋಣೆಯ ಒಳಗಿನಿಂದ ಟಪ್ ಎಂದಿತು.

ಮೂವರೂ ತಿರುಗಿ ನೋಡಿದರು. ನಕ್ಷೆಯ ನಟ್ಟನಡುವೆ ದೊಡ್ಡದೊಂದು ಹೆಬ್ಬೆರಳು ಮೂಡಿತ್ತು. ಇವತ್ತು ಯಾರೂ ಹೊಸ್ತಿಲು ದಾಟಿರಲಿಲ್ಲ. ಟಪ್, ಟಪ್, ಟಪ್, ಟಪ್. ಪಕ್ಕದಲ್ಲಿ ನಾಲ್ಕು ಚಿಕ್ಕ ಬೆರಳು. ಮೇಡಂ ಚಪ್ಪಲಿ ಬಿಟ್ಟು ಒಳಗೆ ಹೋಗಿ ತಲೆಯೆತ್ತಿದರು. ಮುಂದಿನ ಹೆಬ್ಬೆರಳು ಮೇಲಿಂದ ನೇರ ಅವರ ಕನ್ನಡಕದ ಮೇಲೆ ಬಿತ್ತು.

"ಚಾವಣಿ!" ಎಂದರು ಮೇಡಂ. ಆಮೇಲೆ ಕನ್ನಡಕ ಒರೆಸಿಕೊಳ್ಳುತ್ತಾ ಮೆಲ್ಲಗೆ, "ತಪ್ಪಾಯ್ತು ಕಣ್ರೀ. ನಿಮ್ಮನ್ನ ಸುಮ್ಮನೆ ಅಂದ್ಬಿಟ್ಟೆ," ಎಂದರು.

ಅಬ್ಬಾ! ಅವನಿಗೆ ಕುಣಿಯಬೇಕೆನ್ನಿಸಿತು. ಒಂದೇ ಕಾಲು ಖಾಲಿಯಿದ್ದದ್ದರಿಂದ ಕೂತಲ್ಲೇ ನಕ್ಕ.

ಆದರೆ ಸೋರುವುದು ನಿಲ್ಲಬೇಕಲ್ಲ? ನಿನ್ನೆ ಹಚ್ಚಿದ ಅಂಟು ಇನ್ನೂ ಹಸಿ ಇರುವುದರಿಂದ ನಕ್ಷೆ ಸರಿಸುವಂತಿಲ್ಲ, ಬಕೆಟ್ಟು ಇಟ್ಟರೆ ಕಾಗದ ಹರಿಯುತ್ತದೆ. ಮೇಡಂ ಅತ್ತಿತ್ತ ನೋಡಿದರು. ಕೊನೆಗೆ ಅವರ ಕಣ್ಣು ಅಕ್ಕನ ಕೈಯಲ್ಲಿದ್ದ ಕವರಿನ ಮೇಲೆ ನಿಂತಿತು.

"ಒಂದು ಹನಿಯೂ ಸೋರಲ್ಲ ಅಂದ್ರಲ್ಲ?"

ಕಾಲು ಗಂಟೆಯಲ್ಲಿ, ನೀರು ಚೆಲ್ಲಿ ಬರಿದು ಮಾಡಿದ ಆ ಕವರು ದೀಪದ ಕೊಂಡಿಯಿಂದ ನಕ್ಷೆಯ ಮೇಲೆ ತೂಗಾಡುತ್ತಿತ್ತು. ಅದು ತುಂಬಿದರೆ ಬದಲಿಗೆಂದು ಅವನ ಇನ್ನೊಂದು ಕಾಲಿನದನ್ನೂ ಅಕ್ಕ ಜಗ್ಗಿ ತೆಗೆದಳು.

"ಎಷ್ಟು ದಿನ ಬೇಕಾಗತ್ತೆ ಮೇಡಂ?"

"ಚಾವಣಿ ರಿಪೇರಿಯವನು ಬರೋಕೆ ಹದಿನೈದು ದಿನ ಅಂದ್ಕೊಳ್ಳಿ. ಅಲ್ಲೀವರೆಗೆ ನೀವು ಮಾತ್ರ ಕಾಲು ಒಣಗಿಸ್ಕೊಂಡೇ ಬರ್ಬೇಕು. ನಿಯಮ ನಿಯಮಾನೇ."

ಸಂಜೆ ಅದೇ ಮಳೆ, ಅದೇ ಬೂಟು. ಕಾಲು ನಿನ್ನೆಯಷ್ಟೇ ಒದ್ದೆ, ಆದರೂ ದಾರಿಯುದ್ದಕ್ಕೂ ಸಿಳ್ಳೆ ಹಾಕುತ್ತಾ ಬಂದ.

"ಕವರು ಎಲ್ಲಯ್ಯಾ?" ಮೇಷ್ಟ್ರು ಗೇಟಿನಲ್ಲೇ ತಡೆದರು.

"ಕೆಲಸದ ಮೇಲಿವೆ ಮೇಷ್ಟ್ರೇ. ಹದಿನೈದು ದಿನ ರಜೆ ಇಲ್ಲ ಅವಕ್ಕೆ."

ಬಾಗಿಲಲ್ಲಿ ಹೆಂಡತಿ ಅವನ ಕೋಟು ಬಿಚ್ಚಿಸಿ, ಒಳಜೇಬಿಗೆ ಕೈ ಹಾಕಿ, ಬೆಚ್ಚಗಿದ್ದ ಒಂದು ಜೊತೆ ಒಣ ಕಾಲ್ಚೀಲ ಹೊರಗೆಳೆದಳು.

"ಬೆಳಿಗ್ಗೆನೇ ಇಟ್ಟಿದ್ದೆನಲ್ರೀ. ಹಾಕ್ಕೊಳ್ಳಲೇ ಇಲ್ವಾ?"

ಅವನು ಕಾಲ್ಚೀಲ ನೋಡಿದ, ಹೆಂಡತಿಯನ್ನು ನೋಡಿದ, ಆಮೇಲೆ ಕಾಂಪೌಂಡಿನ ಕಡೆ ನೋಡಿ ದನಿ ತಗ್ಗಿಸಿದ.

"ಮೇಷ್ಟ್ರಿಗೆ ಮಾತ್ರ ಹೇಳ್ಬೇಡ ಮಾರಾಯ್ತಿ. ಕಾಲ್ಚೀಲಕ್ಕೆ ಕವರ್ ಕೊಡಿಸ್ತೀನಿ ಅಂತ ಹೊರಟುಬಿಡ್ತಾರೆ."